ನಡುಗುವ ಕೈಗೊಂದು ಆಸರೆ

ಷಷ್ಟ್ಯಬ್ದಿಯೋ ಉಪನಯನವೋ ಮುಗಿದ ಮನೆಯಲ್ಲಿ, ಬಾಡಿಗೆಯ ಪಾತ್ರೆಗಳು ಹಿಂದಿರುಗಿ ಹೋದ ಮೇಲೆ, ಉಳಿದ ನೆಂಟರೆಲ್ಲ ನಡುಮನೆಯಲ್ಲಿ ಕಲೆತು, ಮೊಬೈಲ್ ಫೋನಿನಲ್ಲಿ ಹಿಡಿದ ವಿಡಿಯೋವನ್ನು ಟೆಲಿವಿಷನ್ನಿನ ದೊಡ್ಡ ಪರದೆಗೆ ಏರಿಸಿ ನೋಡುವುದು ಈಗ ಒಂದು ಸಂಪ್ರದಾಯವೇ ಆಗಿದೆ. ಅಂಗೈಯಗಲದ ಪರದೆಯ ಮೇಲೆ ಸೊಗಸಾಗಿಯೇ ಇದ್ದ ಚಿತ್ರ ಅಲ್ಲಿ ಏರಿದೊಡನೆ ಬೇರೆಯೇ ಆಗಿಬಿಡುತ್ತದೆ. ಮಂಟಪದ ಕಂಬಗಳು ಓಲಾಡುತ್ತವೆ. ಪುರೋಹಿತರು ಮಣೆಯ ಮೇಲೆ ಕುಳಿತಲ್ಲಿಯೇ ದೋಣಿಯಲ್ಲಿ ತೇಲಿದಂತೆ ತೇಲುತ್ತಾರೆ. ಆರತಿಯ ತಟ್ಟೆ ಒಮ್ಮೆ ಚಾವಣಿಗೆ, ಒಮ್ಮೆ ನೆಲಕ್ಕೆ ಹಾರುತ್ತದೆ. ಎಂಬತ್ತೈದರ ಅಜ್ಜಿ ಎಲ್ಲರ ಬಲವಂತಕ್ಕೆ ಕಟ್ಟುಬಿದ್ದು ಹಾಡಿದ ಹಸೆಯ ಹಾಡಿನಲ್ಲಂತೂ ಅವರ ಮುಖ ಅರ್ಧ, ಹಿಂದಿನ ಗೋಡೆ ಅರ್ಧ. ಐದು ನಿಮಿಷವಾಗುವಷ್ಟರಲ್ಲಿ ಯಾರಾದರೊಬ್ಬರು ತಲೆ ಸುತ್ತುತ್ತದೆಂದು ಎದ್ದುಹೋಗುತ್ತಾರೆ. ವಿಡಿಯೋ ಹಿಡಿದ ಹುಡುಗ ಪೆಚ್ಚಾಗಿ, “ಹಿಡಿಯುವಾಗ ಸರಿಯಾಗಿಯೇ ಕಾಣುತ್ತಿತ್ತಲ್ಲ!” ಎನ್ನುತ್ತಾನೆ.

ಹುಡುಗನ ಮಾತು ಸುಳ್ಳಲ್ಲ. ಅವನ ಕಣ್ಣಿಗೆ ಎಲ್ಲವೂ ನಿಶ್ಚಲವಾಗಿಯೇ ಕಂಡಿತ್ತು. ಇದರ ಗುಟ್ಟನ್ನು ತಿಳಿಯಲು ವಾಚಕರು ಒಂದು ಸಣ್ಣ ಪ್ರಯೋಗ ಮಾಡಬಹುದು. ಬೇಕಾದ ಸಲಕರಣೆ ಈಗಾಗಲೇ ಅವರ ಕೈಯಲ್ಲಿದೆ. ಈ ಪತ್ರಿಕೆಯನ್ನು ಒಂದು ಮೊಳ ದೂರದಲ್ಲಿ ಅಲುಗದಂತೆ ಹಿಡಿದು, ತಲೆಯನ್ನು ‘ಇಲ್ಲ, ಇಲ್ಲ’ ಎನ್ನುವ ಹಾಗೆ ಬೇಗಬೇಗ ಆಡಿಸುತ್ತ ಒಂದು ಸಾಲು ಓದಬೇಕು. ಕಷ್ಟವಿಲ್ಲದೆ ಓದಲಾಗುತ್ತದೆ. ಬಳಿಕ ತಲೆಯನ್ನು ನಿಲ್ಲಿಸಿ, ಪತ್ರಿಕೆಯನ್ನು ಅಷ್ಟೇ ವೇಗವಾಗಿ ಅತ್ತಿತ್ತ ಆಡಿಸಬೇಕು. ಅಕ್ಷರಗಳು ಕಲಸಿಹೋಗಿ ಬೂದುಬಣ್ಣದ ಪಟ್ಟಿಯಾಗುತ್ತವೆ. ಅಲುಗಾಟ ಎರಡರಲ್ಲಿಯೂ ಒಂದೇ. ಫಲ ಮಾತ್ರ ಬೇರೆ. ಕಾರಣವಿಷ್ಟು: ಒಳಗಿವಿಯಲ್ಲಿ ಅರ್ಧವರ್ತುಲಾಕಾರದ ಮೂರು ನಳಿಗೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದೊಡನೆ ಆ ಸುದ್ದಿ ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಮುಟ್ಟುತ್ತದೆ. ಸುಮಾರು ೧೦ ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ, ಕಣ್ಣುಗುಡ್ಡೆ ವಿರುದ್ಧ ದಿಕ್ಕಿಗೆ ಹೊರಳಿ ಲೆಕ್ಕ ಸರಿಮಾಡುತ್ತದೆ. ಪತ್ರಿಕೆ ಅಲುಗಿದಾಗ ಒಳಗಿವಿಗೆ ಆ ಸುದ್ದಿಯೇ ಇಲ್ಲ. ಹುಟ್ಟಿದಂದಿನಿಂದ ಹಗಲಿರುಳೂ ಈ ಊಳಿಗ ನಡೆಯುತ್ತಿರುವುದರಿಂದಲೇ, ಬೀದಿಯಲ್ಲಿ ನಡೆಯುವಾಗ ತಲೆ ಎಷ್ಟು ಕುಪ್ಪಳಿಸುತ್ತದೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕ್ಯಾಮೆರಾಕ್ಕೆ ಇಂಥ ಊಳಿಗದವರು ಯಾರೂ ಇಲ್ಲ. ಕೈ ಹೇಗೆ ಹೋಯಿತೋ ಹಾಗೆ ಅದು ನೋಡುತ್ತದೆ, ನೋಡಿದ್ದನ್ನು ಹಾಗೆಯೇ ಬರೆದಿಡುತ್ತದೆ. ಹಳ್ಳಿಯ ಕಡೆ ಕೋಳಿಯನ್ನು ಎರಡು ಕೈಗಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದವರು ಒಂದು ವಿಚಿತ್ರವನ್ನು ನೋಡಿರಬಹುದು: ಮೈ ಎತ್ತ ಹೋದರೂ ಕೋಳಿಯ ತಲೆ ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತೆ ಇದ್ದಲ್ಲೇ ಇರುತ್ತದೆ. ಒಳ್ಳೆಯ ವಿಡಿಯೋ ಹಿಡಿಯಬೇಕಾದವರು ಸಾಧಿಸಬೇಕಾದುದು ಕೋಳಿಯ ಈ ವಿದ್ಯೆಯನ್ನೇ.

ಅಲುಗಾಟಗಳಲ್ಲಿಯೂ ತಾರತಮ್ಯವುಂಟು. ಫೋನು ಒಂದು ಸೆಂಟಿಮೀಟರು ಪಕ್ಕಕ್ಕೆ ಸರಿದರೆ ಎರಡು ಮೀಟರು ದೂರದ ಮುಖ ಚಿತ್ರದಲ್ಲಿ ಒಂದು ಸೆಂಟಿಮೀಟರಿನಷ್ಟೇ ಸರಿಯುತ್ತದೆ. ಅದು ಕಂಡೂ ಕಾಣದಂತಿರುತ್ತದೆ. ಆದರೆ ಅದೇ ಫೋನು ಇದ್ದಲ್ಲಿಯೇ ಕೇವಲ ಒಂದು ಡಿಗ್ರಿ ವಾಲಿದರೆ ಎರಡು ಮೀಟರು ದೂರದ ಮುಖ ಮೂರೂವರೆ ಸೆಂಟಿಮೀಟರು ಜಿಗಿಯುತ್ತದೆ. ನೂರು ಮೀಟರು ದೂರದಲ್ಲಿ ಆ ಒಂದು ಡಿಗ್ರಿ ಎಂದರೆ ಒಂದೂಮುಕ್ಕಾಲು ಮೀಟರು, ಹೆಚ್ಚುಕಡಮೆ ಒಂದು ಆಳೆತ್ತರ! ಮೈಸೂರಿನ ಜಂಬೂಸವಾರಿಯ ದಿನ ಜನಜಂಗುಳಿಯ ಹಿಂದೆ ತುದಿಗಾಲಲ್ಲಿ ನಿಂತು, ಎರಡು ತೋಳುಗಳನ್ನೂ ತಲೆಯ ಮೇಲೆ ಚಾಚಿ, ಜೂಮನ್ನು ಕೊನೆಯವರೆಗೆ ಎಳೆದು ಚಿನ್ನದ ಅಂಬಾರಿಯನ್ನು ಹಿಡಿಯಹೊರಡುವವರ ಪಾಡು ಏಕೆ ಹಾಗಾಗುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಏಳುನೂರೈವತ್ತು ಕಿಲೋ ಹೊತ್ತ ಆನೆ ಗಂಭೀರವಾಗಿಯೇ ನಡೆದಿರುತ್ತದೆ; ಇನ್ನೂರು ಗ್ರಾಂ ಹೊತ್ತ ಕೈ ನಡುಗಿರುತ್ತದೆ.

ಗೃಹಸ್ಥನೊಬ್ಬನ ಕೈ ಅದುರಿದ್ದನ್ನು ದೊಡ್ಡ ದೊಡ್ಡ ವಿಜ್ಞಾನಿಗಳು ಕುಳಿತು ಅಳೆದ ಪ್ರಸಂಗವೊಂದಿದೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಏಬ್ರಹಾಂ ಜಪ್ರೂಡರ್ ಎಂಬಾತ ಹೆಂಗಸರ ಸಿದ್ಧ ಉಡುಪುಗಳನ್ನು ತಯಾರಿಸುವ ಉದ್ಯಮವನ್ನು ನಡೆಸುತ್ತಿದ್ದ. ಮನೆಯವರ ಚಿತ್ರ ತೆಗೆಯಲು ಎಂಟು ಮಿಲಿಮೀಟರಿನ ಒಂದು ಪುಟ್ಟ ಚಲನಚಿತ್ರ ಕ್ಯಾಮೆರಾ ಇಟ್ಟುಕೊಂಡಿದ್ದ. ೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯವರ ಮೆರವಣಿಗೆ ಆತನ ಕಚೇರಿಯ ಬಳಿಯೇ ಹಾದುಹೋಗುವುದಿತ್ತು. ಬೆಳಿಗ್ಗೆ ಕ್ಯಾಮೆರಾವನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದವನು ಕಚೇರಿಯವರ ಒತ್ತಾಯಕ್ಕೆ ಮಣಿದು ಹಿಂದಿರುಗಿ ಹೋಗಿ ತಂದ. ಜನರ ತಲೆಗಳು ಅಡ್ಡ ಬಾರದಿರಲೆಂದು ರಸ್ತೆಯ ಬದಿಯ ಒಂದು ಕಾಂಕ್ರೀಟಿನ ಕಟ್ಟೆಯ ಮೇಲೆ ಹತ್ತಿ ನಿಂತ. ಆದರೆ ಎತ್ತರದಲ್ಲಿ ನಿಂತರೆ ಆತನಿಗೆ ತಲೆಸುತ್ತು ಬರುತ್ತಿತ್ತು. ಆದುದರಿಂದ ಕಚೇರಿಯಲ್ಲಿ ಕೆಲಸಕ್ಕಿದ್ದ ಮ್ಯಾರಿಲಿನ್ ಸಿಟ್ಜ್‌ಮನ್ ಎಂಬ ತರುಣಿ ಅದೇ ಕಟ್ಟೆಯನ್ನೇರಿ ಆತನ ಬೆನ್ನ ಹಿಂದೆ ನಿಂತು ಹಿಡಿದುಕೊಂಡಳು.

ಮುಂದೆ ನಡೆದುದನ್ನು ಜಗತ್ತೇ ಬಲ್ಲದು. ಗುಂಡುಗಳು ಹಾರಿದವು, ಸುತ್ತಲಿನವರು ನೆಲಕ್ಕೆ ಬಿದ್ದರು, ಜಪ್ರೂಡರನ ಕ್ಯಾಮೆರಾ ಮಾತ್ರ ಕಾರನ್ನು ಬಿಡದೆ ಹಿಂಬಾಲಿಸಿತು. ಒಟ್ಟು ೨೬.೬ ಸೆಕೆಂಡು, ೪೮೬ ಚೌಕಟ್ಟುಗಳು. ಆ ದಿನ ಅಲ್ಲಿ ಕ್ಯಾಮೆರಾ ಹಿಡಿದವರು ಇನ್ನೂ ಕೆಲವರಿದ್ದರೂ, ಆ ಗಳಿಗೆಯನ್ನು ಇಷ್ಟು ಸಂಪೂರ್ಣವಾಗಿ ಹಿಡಿದ ಸುರುಳಿ ಇನ್ನೊಂದಿಲ್ಲ. ಅಮೆರಿಕ ಸರ್ಕಾರ ೧೯೯೯ರಲ್ಲಿ ಅದಕ್ಕಾಗಿ ಆತನ ವಾರಸುದಾರರಿಗೆ ೧ ಕೋಟಿ ೬೦ ಲಕ್ಷ ಡಾಲರು ಕೊಡಬೇಕಾಯಿತು.

ಕೈ ಅದುರಲಿಲ್ಲವೆಂದಲ್ಲ. ಕ್ಯಾಮೆರಾ ಸೆಕೆಂಡಿಗೆ ಸರಾಸರಿ ೧೮.೩ ಚೌಕಟ್ಟುಗಳಂತೆ ಓಡಿತ್ತೆಂದು ತನಿಖೆಯವರು ಅಳೆದು ಕಂಡುಕೊಂಡಿದ್ದರು. ಹೀಗಾಗಿ ಆ ಸುರುಳಿಯೇ ಒಂದು ಗಡಿಯಾರವಾಯಿತು. ೧೯೬೮ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಪಡೆದ ಲೂಯಿ ಅಲ್ವಾರೆಜ್ ಆ ಚೌಕಟ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಕೆಲವು ಕಡೆ ಕಾರಿನ ಮೇಲಿನ ಬೆಳಕಿನ ಚುಕ್ಕೆಗಳು ಗೆರೆಗಳಾಗಿ ಎಳೆದುಕೊಂಡಿದ್ದುದು ಕಣ್ಣಿಗೆ ಬಿತ್ತು. ಸದ್ದು ಕಿವಿಗೆ ಬಿದ್ದೊಡನೆ ಮನುಷ್ಯನ ಕೈ ತಾನಾಗಿ ಬೆಚ್ಚುತ್ತದೆ. ಆ ಬೆಚ್ಚುವಿಕೆ ಫಿಲ್ಮಿನ ಮೇಲೆ ಗೆರೆಯಾಗಿ ಉಳಿಯುತ್ತದೆ. ಆದ್ದರಿಂದ ಗೆರೆಗಳನ್ನು ಎಣಿಸಿದರೆ ಗುಂಡುಗಳ ಕಾಲವನ್ನು ಹೇಳಬಹುದೆಂದು ಆತ ೧೯೭೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದ. ಅದರಿಂದ ಎಳೆದ ತೀರ್ಮಾನಗಳ ಮೇಲಿನ ಜಗಳ ಹಾಗಿರಲಿ. ಉಳಿದ ಚೌಕಟ್ಟುಗಳು ಸಾಕಷ್ಟು ನಿಶ್ಚಲವಾಗಿದ್ದುದರಿಂದಲೇ ಬೆಚ್ಚಿದ ಚೌಕಟ್ಟುಗಳು ಬೇರೆಯಾಗಿ ಕಂಡವು. ಎಲ್ಲವೂ ಅದುರಿದ್ದರೆ ಯಾವುದೂ ಸಾಕ್ಷಿಯಾಗುತ್ತಿರಲಿಲ್ಲ. ಒಂದು ಕಾಂಕ್ರೀಟಿನ ಕಟ್ಟೆ ಮತ್ತು ಬೆನ್ನ ಹಿಂದೆ ಎರಡು ಕೈ. ಆ ಮನುಷ್ಯನಿಗೆ ಒದಗಿದ ಆಸರೆ ಅಷ್ಟೇ.

ಚಲನಚಿತ್ರದ ಉದ್ಯಮದವರಿಗೆ ಈ ಆಸರೆಯ ಪ್ರಶ್ನೆ ಬೇರೆ ಬಗೆಯದು. ನಿಂತ ಕ್ಯಾಮೆರಾಕ್ಕೆ ಮುಕ್ಕಾಲಿಯಿದೆ. ಚಲಿಸಬೇಕಾದರೆ ನೆಲದ ಮೇಲೆ ಕಂಬಿ ಹಾಸಿ, ಭಾರವಾದ ಗಾಡಿಯಲ್ಲಿ ಕ್ಯಾಮೆರಾವನ್ನು ಕೂರಿಸಿ ತಳ್ಳಬೇಕು. ಮೆಟ್ಟಿಲು ಹತ್ತುವವನ ಬೆನ್ನು ಹಿಡಿದು ಹೋಗಬೇಕೆಂದರೆ ಕಂಬಿ ಹಾಸುವುದೆಲ್ಲಿ? ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್ ಎಂಬಾತ ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಈ ಚಿಂತೆಗೆ ಬಿದ್ದ. ಆತ ಮೊದಲು ಜಾನಪದ ಹಾಡುಗಾರನಾಗಿದ್ದು ಅನಂತರ ಜಾಹೀರಾತಿನ ಚಿತ್ರಗಳಿಗೆ ಕೈಹಾಕಿದವನು.

ಬ್ರೌನ್ ಕಂಡುಕೊಂಡ ಉಪಾಯದ ಅರ್ಧ ಭಾಗ ನಮ್ಮ ಸಂತೆಬೀದಿಯ ದೊಂಬರಾಟದಲ್ಲಿ ಎಂದಿನಿಂದಲೂ ಇದೆ. ಹಗ್ಗದ ಮೇಲೆ ನಡೆಯುವ ಹುಡುಗಿ ಉದ್ದನೆಯ ಗಳುವನ್ನು ಅಡ್ಡಲಾಗಿ ಹಿಡಿಯುವುದೇಕೆ? ಭಾರ ನಡುವಿನಿಂದ ದೂರ ಹಂಚಿಹೋದಷ್ಟೂ ಅದನ್ನು ತಟ್ಟನೆ ತಿರುಗಿಸುವುದು ಕಷ್ಟ. ಗಳು ತಿರುಗಲೊಲ್ಲದು, ಆದ್ದರಿಂದ ಹುಡುಗಿಯೂ ವಾಲಲೊಲ್ಲಳು. ಬ್ರೌನ್ ಒಂದು ಕಂಬದ ಮೇಲ್ತುದಿಗೆ ಕ್ಯಾಮೆರಾವನ್ನು ಕಟ್ಟಿದ; ಕೆಳತುದಿಗೆ ಬ್ಯಾಟರಿಯನ್ನೂ ನೋಡಿಕೊಳ್ಳುವ ಪುಟ್ಟ ಪರದೆಯನ್ನೂ ಕಟ್ಟಿದ. ಇಡೀ ಕಂಬದ ಭಾರ ತೂಗಿ ನಿಲ್ಲುವ ಬಿಂದುವಿಗಿಂತ ತುಸು ಮೇಲೆ, ಎತ್ತ ಬೇಕಾದರೂ ಹೊರಳುವಂಥ ಒಂದು ಕೀಲನ್ನಿಟ್ಟು ಅಲ್ಲಿ ಮಾತ್ರ ಹಿಡಿದ. ಉಳಿದರ್ಧ, ಸ್ಪ್ರಿಂಗುಗಳಿರುವ ಎರಡು ತುಂಡಿನ ತೋಳು. ಅದು ಎದೆಗೆ ಬಿಗಿದ ಕವಚಕ್ಕೆ ಸೇರಿಕೊಂಡಿರುತ್ತದೆ. ಹೆಜ್ಜೆಯ ಕುಲುಕಾಟವನ್ನೆಲ್ಲ ತೋಳು ನುಂಗುತ್ತದೆ, ವಾಲಾಟವನ್ನು ಕಂಬ ತಡೆಯುತ್ತದೆ. ಹೊತ್ತವನು ಓಡಿದರೂ ಕ್ಯಾಮೆರಾ ತೇಲುತ್ತದೆ. ಇದಕ್ಕೆ ಮುಂದೆ ಸ್ಟೆಡಿಕ್ಯಾಮ್ ಎಂದು ಹೆಸರಾಯಿತು.

ಆತ ಪ್ರದರ್ಶನಕ್ಕೆಂದು ತೆಗೆದ ತುಣುಕೊಂದರಲ್ಲಿ, ಮುಂದೆ ಆತನ ಹೆಂಡತಿಯಾದ ಎಲೆನ್ ಫಿಲಡೆಲ್ಫಿಯಾದ ಕಲಾ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ಓಡಿ ಇಳಿಯುತ್ತಾಳೆ, ಓಡಿ ಹತ್ತುತ್ತಾಳೆ. ಕ್ಯಾಮೆರಾ ಅವಳ ಜೊತೆಯಲ್ಲಿಯೇ ಹೋಗುತ್ತದೆ. ನಿರ್ದೇಶಕ ಜಾನ್ ಆವಿಲ್ಡ್‌ಸನ್ ಅದನ್ನು ಕಂಡು ಆ ಮೆಟ್ಟಿಲುಗಳೆಲ್ಲಿವೆಯೆಂದು ವಿಚಾರಿಸಿದ. ೧೯೭೬ರ ‘ರಾಕಿ’ ಚಿತ್ರದಲ್ಲಿ ಬಡ ಮುಷ್ಟಿಯುದ್ಧಪಟು ಓಡಿ ಹತ್ತುವುದು ಆ ಮೆಟ್ಟಿಲುಗಳನ್ನೇ, ಹಿಡಿದುದು ಬ್ರೌನನ ಕ್ಯಾಮೆರಾವೇ. ಅದೇ ವರ್ಷದ ‘ಬೌಂಡ್ ಫಾರ್ ಗ್ಲೋರಿ’ಯಲ್ಲಿ ಆತ ಕ್ರೇನಿನ ಮೇಲಿಂದ ಇಳಿದು ಬಂದು, ನೆಲ ಮುಟ್ಟಿದೊಡನೆ ಅದರಿಂದ ಹೆಜ್ಜೆ ಕೆಳಗಿಟ್ಟು, ವಲಸೆಗಾರರ ಗುಂಪಿನೊಳಗೆ ಎಲ್ಲಿಯೂ ತಡೆಯದೆ ನಡೆದುಹೋದ. ೧೯೭೮ರಲ್ಲಿ ಈ ಸಾಧನಕ್ಕೆ ಅಕಾಡೆಮಿ ಪ್ರಶಸ್ತಿ ಬಂದಿತು. ೨೦೦೧ರ ಡಿಸೆಂಬರ್ ೨೩ರಂದು ಟಿಲ್ಮನ್ ಬ್ಯೂಟ್ನರ್ ಎಂಬ ಜರ್ಮನ್ ಛಾಯಾಗ್ರಾಹಕ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಅರಮನೆಯಲ್ಲಿ ಇಂಥದೇ ಹೊರೆಯನ್ನು ಹೊತ್ತು, ಕೋಣೆಯಿಂದ ಕೋಣೆಗೆ ಸುಮಾರು ಒಂದೂವರೆ ಗಂಟೆ ನಿಲ್ಲದೆ ನಡೆದು, ‘ರಷ್ಯನ್ ಆರ್ಕ್’ ಎಂಬ ಇಡೀ ಚಿತ್ರವನ್ನು ಒಂದೇ ಏಟಿಗೆ ಮುಗಿಸಿದ. ಬೇಕೆಂದೇ ಕ್ಯಾಮೆರಾವನ್ನು ಕುಲುಕಿಸಿ ಗಲಿಬಿಲಿಯನ್ನು ತೋರಿಸುವ ನಿರ್ದೇಶಕರೂ ಇದ್ದಾರೆ. ಅಳತೆಯರಿತು ಕುಲುಕಿಸುವುದು ಕಲೆ; ಉಪನಯನದ ಮನೆಗೆ ಅದರ ಅಗತ್ಯವಿಲ್ಲ.

ಕೈಯಲ್ಲಿರುವ ಫೋನು ಬ್ರೌನನ ಯಂತ್ರಕ್ಕೆ ತೀರ ವಿರುದ್ಧವಾದ ವಸ್ತು. ಹಗುರವಾದುದನ್ನು ಸ್ಥಿರವಾಗಿ ಹಿಡಿಯುವುದು ಸುಲಭವೆಂದು ತೋರುತ್ತದೆ. ನಿಜವಾಗಿ ಹಗುರವಾದುದೇ ಬೇಗ ಅದುರುತ್ತದೆ. ಈ ಕೊರತೆಯನ್ನು ತುಂಬಲು ಫೋನು ತಯಾರಕರು ಎರಡು ಬಗೆಯ ಆಸರೆಗಳನ್ನು ಒಳಗಡೆಯೇ ಇಟ್ಟಿದ್ದಾರೆ. ಮೊದಲನೆಯದು, ಜೈರೊಸ್ಕೋಪ್ ಎಂಬ ಸೂಕ್ಷ್ಮ ಸಾಧನ ವಾಲಾಟವನ್ನು ಗ್ರಹಿಸಿದೊಡನೆ ಅಯಸ್ಕಾಂತದ ಬಲದಿಂದ ಲೆನ್ಸನ್ನೇ ತುಸು ಸರಿಸುವುದು. ೨೦೧೨ರಲ್ಲಿ ಬಂದ ನೋಕಿಯಾ ಲೂಮಿಯಾ ೯೨೦ರಿಂದ ಮೊದಲುಗೊಂಡು ಇದು ಫೋನುಗಳಲ್ಲಿ ಬಳಕೆಗೆ ಬಂದಿತು. ಒಳಗಿವಿ ಮತ್ತು ಕಣ್ಣುಗುಡ್ಡೆಯ ಏರ್ಪಾಡಿನ ನಕಲೇ ಇದು ಎನ್ನಬಹುದು. ಆದರೆ ಲೆನ್ಸು ಸರಿಯಬಲ್ಲ ದೂರ ಬಹಳ ಸ್ವಲ್ಪ. ಕೈಯ ನಡುಕಕ್ಕೆ ಅದು ಸಾಕು, ನಡಿಗೆಯ ಕುಪ್ಪಳಿಕೆಗೆ ಸಾಲದು. ಎರಡನೆಯದು ಲೆಕ್ಕಾಚಾರದ್ದು. ಫೋನು ಬೇಕಾದುದಕ್ಕಿಂತ ದೊಡ್ಡ ಚಿತ್ರವನ್ನು ಹಿಡಿದು, ಪ್ರತಿಯೊಂದು ಚೌಕಟ್ಟನ್ನೂ ಹಿಂದಿನದಕ್ಕೆ ಹೊಂದಿಸಿ, ಹೊರಚಾಚಿದ ಅಂಚನ್ನು ಕತ್ತರಿಸಿಹಾಕುತ್ತದೆ. ಈ ಏರ್ಪಾಡನ್ನು ಹಾಕಿದೊಡನೆ ಚಿತ್ರ ಸ್ವಲ್ಪ ಹತ್ತಿರ ಬಂದಂತಾಗಿ ಪಕ್ಕದಲ್ಲಿ ನಿಂತ ಚಿಕ್ಕಮ್ಮ ಮಾಯವಾಗುವುದು ಈ ಕಾರಣದಿಂದಲೇ. ಅಂಚನ್ನು ಅದು ಕೂಲಿಯಾಗಿ ಪಡೆಯುತ್ತದೆ.

ಮಬ್ಬುಗತ್ತಲೆಯಲ್ಲಿ ಈ ಲೆಕ್ಕಾಚಾರ ಸೋಲುತ್ತದೆ. ದೀಪದ ಬೆಳಕು ಮಂದವಾದಷ್ಟೂ ಕ್ಯಾಮೆರಾ ಪ್ರತಿಯೊಂದು ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕನ್ನು ಕೂಡಿಹಾಕಬೇಕು. ಅಷ್ಟರಲ್ಲಿ ಕೈ ಅಲುಗಿದರೆ ಆ ಚೌಕಟ್ಟಿನೊಳಗೇ ಚಿತ್ರ ಕಲಸಿಹೋಗಿರುತ್ತದೆ. ಕಲಸಿದ ಚೌಕಟ್ಟನ್ನು ಎಷ್ಟು ನೇರವಾಗಿ ಹೊಂದಿಸಿದರೇನು? ರಾತ್ರಿಯ ಆರತಕ್ಷತೆಯಲ್ಲಿ ಇನ್ನೊಂದು ದೀಪ ಹಚ್ಚಿಸುವುದು ಹೊಸ ಫೋನು ಕೊಳ್ಳುವುದಕ್ಕಿಂತ ಲಾಭಕರ. ಫೋನನ್ನು ಮೋಟಾರು ಸೈಕಲ್ಲಿನ ಹಿಡಿಕೆಗೆ ಬಿಗಿದು ದಾರಿಯುದ್ದಕ್ಕೂ ವಿಡಿಯೋ ಹಿಡಿಯುವ ತರುಣರು ಇನ್ನೊಂದನ್ನು ಅರಿತಿರತಕ್ಕದ್ದು: ದೊಡ್ಡ ಎಂಜಿನ್ನುಗಳ ಕಂಪನದಿಂದ ಈ ಸರಿಯುವ ಲೆನ್ಸಿನ ಏರ್ಪಾಡು ಕೆಡಬಹುದೆಂದು ಆಪಲ್ ಸಂಸ್ಥೆಯೇ ೨೦೨೧ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮನೆಯಲ್ಲಿ ಆಸರೆಗಳಿಗೆ ಬರವಿಲ್ಲ. ಕಂಬವಿದ್ದರೆ ಅದಕ್ಕೆ ಬೆನ್ನು ಕೊಟ್ಟು, ಫೋನನ್ನು ಎರಡು ಕೈಗಳಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ಅರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ. ಚಾಚಿದ ತೋಳು ಗಾಳಿಗೆ ಸಿಕ್ಕಿದ ಕೊಂಬೆಯಿದ್ದಂತೆ. ಹತ್ತಿರದಿಂದ ಕಾಣಬೇಕಾದುದಕ್ಕೆ ಜೂಮ್ ಎಳೆಯದೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು ಮೇಲು. ಆ ಒಂದು ಡಿಗ್ರಿಯ ಲೆಕ್ಕ ಇಲ್ಲಿ ಫೋನಿನವರ ಕಡೆಗೆ ನಿಲ್ಲುತ್ತದೆ. ಹಜಾರದ ಈ ತುದಿಯಿಂದ ಆ ತುದಿಯವರೆಗೆ ತೋರಿಸಬೇಕಾದರೆ, ಕೊನೆಗೆ ನೋಡಬೇಕಾದ ದಿಕ್ಕಿಗೆ ಪಾದಗಳನ್ನು ಮೊದಲೇ ಊರಿ, ಸೊಂಟವನ್ನು ತಿರುಚಿ ಈ ತುದಿಯಿಂದ ಶುರುಮಾಡಬೇಕು. ಬಿಗಿದ ಮೈ ಸಡಿಲುತ್ತ ಹೋದಂತೆ ತಿರುಗುವಿಕೆ ನಯವಾಗಿ ಬಂದು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ ಮಾಡುವವರೇ ಹೆಚ್ಚು; ಅವರ ವಿಡಿಯೋ ಕೊನೆಯಲ್ಲಿ ತಡವರಿಸುತ್ತದೆ. ಯಾವ ದೃಶ್ಯದಲ್ಲಿಯೂ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕದಲದಿರುವ ಅಭ್ಯಾಸ ಒಳ್ಳೆಯದು. ಎಲ್ಲರನ್ನೂ ಒಂದೇ ಉಸಿರಿಗೆ ತೋರಿಸಿಬಿಡುವ ಆತುರದಿಂದ ಹಾಳಾದ ವಿಡಿಯೋಗಳು ಕೈ ನಡುಗಿ ಹಾಳಾದವುಗಳಿಗಿಂತ ಕಡಮೆಯಿಲ್ಲ.

ಹಳೆಯ ಛಾಯಾಗ್ರಾಹಕರು ಬಳಸುತ್ತಿದ್ದ ಒಂದು ಉಪಾಯಕ್ಕೆ ತಗಲುವ ಖರ್ಚು ಒಂದು ದಾರ ಮಾತ್ರ. ಫೋನಿನ ಕವಚಕ್ಕೆ ಗಟ್ಟಿ ದಾರವೊಂದನ್ನು ಕಟ್ಟಿ, ಅದರ ಕೆಳತುದಿಯನ್ನು ಕಾಲಿನಿಂದ ಮೆಟ್ಟಿ, ದಾರ ಬಿಗಿಯಾಗುವವರೆಗೆ ಫೋನನ್ನು ಮೇಲಕ್ಕೆಳೆದು ಹಿಡಿಯಬೇಕು. ಎಳೆತದಲ್ಲಿರುವ ಕೈ ಅಷ್ಟು ಸುಲಭವಾಗಿ ಅಲುಗಲಾರದು. ಇನ್ನು ಅಜ್ಜಿಯ ಹಾಡಿಗೆ, ಅಜ್ಜನ ಬಾಯಿಂದ ಹಳೆಯ ಊರಿನ ಕಥೆಯನ್ನು ಹಿಡಿದಿಡುವುದಕ್ಕೆ, ಕೈಯೇ ಬೇಡ. ಬಟ್ಟೆಯ ಚಿಕ್ಕ ಚೀಲವೊಂದಕ್ಕೆ ಮುಕ್ಕಾಲು ಭಾಗ ಅಕ್ಕಿಯನ್ನೋ ರಾಗಿಯನ್ನೋ ತುಂಬಿ ಬಾಯಿ ಹೊಲಿದು, ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರದ ಸ್ಟೂಲಿನ ಮೇಲಿಟ್ಟು, ನಡುವೆ ಗುಳಿ ಮಾಡಿ ಫೋನನ್ನು ನಿಲ್ಲಿಸಿದರೆ ಅದು ಗಂಟೆಗಟ್ಟಲೆ ಕದಲದು. ಇದರಿಂದ ಇನ್ನೊಂದು ಅನುಕೂಲವುಂಟು. ಫೋನು ಹಿಡಿದು ಎದುರಿಗೆ ನಿಂತವರ ಮುಂದೆ ವೃದ್ಧರು ಬಿಗಿದುಕೊಳ್ಳುತ್ತಾರೆ. ಸ್ಟೂಲಿನ ಮೇಲಿರುವುದನ್ನು ಸ್ವಲ್ಪ ಹೊತ್ತಿಗೆ ಮರೆತು, ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಹೇಳಿದಂತೆ ಹೇಳತೊಡಗುತ್ತಾರೆ. ಮದುವೆಯ ಮೆರವಣಿಗೆ ಇನ್ನೊಬ್ಬರ ಫೋನಿನಲ್ಲಿಯಾದರೂ ಇದ್ದೀತು. ಅಜ್ಜಿಯ ಹಸೆಯ ಹಾಡು ಇನ್ನೆಲ್ಲಿಯೂ ಇರುವುದಿಲ್ಲ, ಇನ್ನೊಂದು ಸಲ ಹಾಡಿಸೋಣವೆಂಬ ಮಾತು ಪ್ರತಿ ವರ್ಷವೂ ನಡೆಯುವಂಥದಲ್ಲ.

ನಡೆಯುತ್ತಲೇ ಹಿಡಿಯಬೇಕಾದ ಸಂದರ್ಭಗಳಿರುತ್ತವೆ: ಮದುಮಗಳನ್ನು ಸೋದರಮಾವ ಮಂಟಪಕ್ಕೆ ಕರೆತರುವಾಗ ಕ್ಯಾಮೆರಾದವರು ಹಿಮ್ಮುಖವಾಗಿ ನಡೆಯದೆ ಗತ್ಯಂತರವಿಲ್ಲ. ಆಗ ಕಾಫಿ ತುಂಬಿದ ಲೋಟವನ್ನು ಚೆಲ್ಲದಂತೆ ಒಯ್ಯುವವರ ಹಾಗೆ ಮೊಣಕಾಲನ್ನು ತುಸು ಬಗ್ಗಿಸಿ, ಹೆಜ್ಜೆಯನ್ನು ಚಿಕ್ಕದು ಮಾಡಿ, ಪಾದವನ್ನು ಒರಸುವಂತೆ ಇಡಬೇಕು. ಹಿಂದೇನಿದೆಯೆಂದು ತಿರುಗಿ ನೋಡಿದರೆ ಚಿತ್ರ ಕೆಡುತ್ತದೆ. ನೋಡದಿದ್ದರೆ ಕಳಶದ ಮೇಲೆ ಕಾಲಿಟ್ಟಾರು. ಸ್ಟೆಡಿಕ್ಯಾಮ್ ಹೊತ್ತು ಹಿಂದೆ ಹಿಂದೆ ನಡೆಯುವ ನುರಿತ ಛಾಯಾಗ್ರಾಹಕರು ಕೂಡ ಇದನ್ನು ಒಬ್ಬರೇ ಮಾಡುವುದಿಲ್ಲ. ಅವರ ಬೆನ್ನ ಮೇಲೆ ಸಹಾಯಕನೊಬ್ಬ ಅಂಗೈಯಿಟ್ಟು, ಎಡಕ್ಕೆ ಬಲಕ್ಕೆ ಮೆಲ್ಲನೆ ಒತ್ತುತ್ತ ದಾರಿ ತಿಳಿಸುತ್ತ ಹೋಗುತ್ತಾನೆ. ಮದುವೆಯ ಮನೆಯಲ್ಲಿ ಆ ಕೆಲಸವನ್ನು ತಮ್ಮನೋ ತಂಗಿಯೋ ಮಾಡಬಲ್ಲರು. ಯಾರೆಂಬುದನ್ನು ಮಾತ್ರ ಹಿಂದಿನ ದಿನವೇ ಗೊತ್ತುಮಾಡಿಕೊಂಡಿರಬೇಕು. ಮುಹೂರ್ತದ ಹೊತ್ತಿಗೆ ಅವರು ಊಟದ ಮನೆಯ ಕಡೆ ಹೋಗಿರುವ ಸಂಭವವುಂಟು.